ಕಳ್ಳನೂ ಸಾಕ್ಷಿಯೂ ವಿಮಾನ ಹತ್ತಿದ್ದು

ನಮ್ಮ ಅತ್ತಿಗೆಯವರ ಕೈಗೆ ಯಾರಾದರೂ ಏನನ್ನಾದರೂ ಕೊಟ್ಟರೆ, ಅವರ ಕಣ್ಣು ಮೊದಲು ಹೋಗುವುದು ಕೊಟ್ಟವರ ಇನ್ನೊಂದು ಕೈಗೆ. ಹೂ ಕೊಟ್ಟರೂ ಅಷ್ಟೇ, ಔಷಧಿ ಕೊಟ್ಟರೂ ಅಷ್ಟೇ. ಆ ಇನ್ನೊಂದು ಕೈ ಬೆನ್ನ ಹಿಂದೆಯೋ ಜೇಬಿನೊಳಗೋ ಇದ್ದುಬಿಟ್ಟರೆ, ಹುಬ್ಬು ತುಸುವೇ ಮೇಲೇರಿ, ಅವರ ಬಾಯಿಂದ ಆ ಚಿರಪರಿಚಿತ ಮಾತು ಹೊರಬೀಳುತ್ತದೆ: "ಸರಿ, ಆದ್ರೆ ಯಾಕೆ?" ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ, ಮೈದುನನೆಂಬ ಉತ್ಸಾಹದಿಂದ ನಾನೊಂದು ಲೋಟ ನೀರು ತಂದುಕೊಟ್ಟಾಗಲೂ ಅವರು ಹಾಗೇ ಕೇಳಿದ್ದರು. ಬಾಯಾರಿಕೆಗೆ ಎಂದು ಹೇಳಲು ನನಗೆ ಆಗ ತೋಚಲಿಲ್ಲ.

ಈ ಸ್ವಭಾವ ಹುಟ್ಟಿನಿಂದ ಬಂದದ್ದೋ, ಉದ್ಯೋಗದಿಂದ ಅಂಟಿಕೊಂಡದ್ದೋ ನಾನರಿಯೆ. ಅಂಗಡಿಗಳ ತಕ್ಕಡಿಗಳು ಸರಿಯಾಗಿ ತೂಗುತ್ತವೆಯೇ ಎಂದು ಪರೀಕ್ಷಿಸುವುದು ಅವರ ಸರ್ಕಾರಿ ನೌಕರಿ. ತಕ್ಕಡಿಯ ತಟ್ಟೆಯಡಿ ಅಂಟಿಸಿದ ಅಯಸ್ಕಾಂತವನ್ನೂ, ಮುಳ್ಳಿಗೆ ಕಟ್ಟಿದ ಕಣ್ಣಿಗೆ ಕಾಣದ ದಾರವನ್ನೂ ಒಂದು ಆಯುಷ್ಯವಿಡೀ ಹುಡುಕಿದವರಿಗೆ, ಜಗತ್ತು ಒಂದು ದೊಡ್ಡ ಅಂಗಡಿಯಂತೆ ಕಂಡರೆ ಅದು ಅವರ ತಪ್ಪಲ್ಲ. ಬೀದಿಯಲ್ಲಿ ನಡೆಯುವಾಗಲೂ ಅಷ್ಟೇ. ನಾಲ್ಕು ಹೆಜ್ಜೆ ಸರಸರನೆ ಮುಂದೆ, ಆಮೇಲೆ ಗಕ್ಕನೆ ನಿಂತು ಹೆಗಲ ಮೇಲಿಂದ ಒಂದು ನೋಟ ಹಿಂದೆ. ಮೈಮೇಲೆ ಸದಾ ಬೂದುಬಣ್ಣದ ಉದ್ದನೆಯ ಕೋಟು. ಅದಕ್ಕೆ ಹೊರಗೆ ಕಾಣುವುದಕ್ಕಿಂತ ಒಳಗೆ ಹೆಚ್ಚು ಜೇಬುಗಳು, ಪ್ರತಿ ಜೇಬಿಗೂ ಗುಂಡಿಯ ಮೇಲೊಂದು ಪಿನ್ನು. ಎದೆಯ ಕಡೆಯ ಒಳಜೇಬಿನಲ್ಲಿ, ಕೆಲಸ ಕಲಿತ ದಿನದಿಂದ ಜೊತೆಗಿದ್ದ, ತಿಕ್ಕಿ ತಿಕ್ಕಿ ಬಂಗಾರದ ಹೊಳಪು ಬಂದ ಹಿತ್ತಾಳೆಯ ತೂಕದ ಬಟ್ಟು. ಬೇಸಿಗೆಯಲ್ಲೂ ಆ ಕೋಟನ್ನು ಅವರು ಕಳಚಿದ್ದನ್ನು ನಾನು ಕಂಡಿರಲಿಲ್ಲ.

ಇಂಥವರ ಮನೆಗೆ ಬಂದು ಸೇರಿದ ಬೆಕ್ಕುಗಳೆರಡು. ಒಂದು, ಅಡುಗೆಮನೆಯ ಕಿಟಕಿಯಿಂದ ನುಗ್ಗಿ ಹಾಲಿನ ಪಾತ್ರೆಗೆ ಬಾಯಿ ಹಾಕಿ, ಹೊಡೆದರೂ ಹೋಗದೆ ಉಳಿದುಕೊಂಡ ಕಪ್ಪು ಗಂಡು. ಅದರ ಹೆಸರು ಕಳ್ಳ. ಇನ್ನೊಂದು, ಆ ಕಳ್ಳತನ ನಡೆಯುವಾಗಲೆಲ್ಲ ಕಿಟಕಿಯ ದಂಡೆಯ ಮೇಲೆ ಬಾಲ ಸುತ್ತಿಕೊಂಡು ಎಲ್ಲವನ್ನೂ ನೋಡುತ್ತ ಕೂತಿರುತ್ತಿದ್ದ ಬಿಳಿಯ ಹೆಣ್ಣು. ಅದರ ಹೆಸರು ಸಾಕ್ಷಿ. ಇದು ಒಂದು ದಿನವಾದರೂ ಬಾಯಿ ಬಿಟ್ಟದ್ದಿಲ್ಲ ಎಂಬುದು ಅತ್ತಿಗೆಯ ದೂರು. ಆದರೆ ಮನುಷ್ಯರೊಡನೆ ಬಿಗಿಹಿಡಿದ ಮಾತೆಲ್ಲವೂ ಆ ಎರಡು ಜೀವಗಳ ಮುಂದೆ ಸಡಿಲವಾಗುತ್ತಿತ್ತು. ಅಣ್ಣ ಹೊರದೇಶದಲ್ಲಿ ಲಿಫ್ಟ್ ರಿಪೇರಿಯ ಕೆಲಸಕ್ಕೆ ಹೋಗಿ, ವರ್ಷಕ್ಕೊಮ್ಮೆ ಅತಿಥಿಯಂತೆ ಬಂದು ಹೋಗುತ್ತಿದ್ದ ಆ ದೀರ್ಘಕಾಲದಲ್ಲಿ, ಅವರ ಸಂಸಾರವೆಂದರೆ ಆ ಬೆಕ್ಕುಗಳೇ ಆಗಿದ್ದವು.

ಅತ್ತಿಗೆ ನಿವೃತ್ತರಾದರು. ಇನ್ನು ಇಲ್ಲಿಗೇ ಬಂದುಬಿಡು ಎಂದು ಅಣ್ಣ ಫೋನಿನಲ್ಲಿ ಕರೆದ. ಬೆಕ್ಕುಗಳಿಲ್ಲದೆ ಬರಲಾರೆ ಎಂದರು ಇವರು. ಬೆಕ್ಕು ಕಂಡರೆ ಮೂಗು ಮುರಿಯುತ್ತಿದ್ದ ಅಣ್ಣ, "ಎರಡನ್ನೂ ಕರ್ಕೊಂಡು ಬಾ" ಎಂದುಬಿಟ್ಟ. ಅಷ್ಟೇ ಸಾಕಾಯಿತು. ಫೋನು ಕೆಳಗಿಟ್ಟು ನನ್ನತ್ತ ತಿರುಗಿ, "ಇಷ್ಟು ಸಲೀಸಾಗಿ ಒಪ್ಪಿಕೊಂಡ್ರು. ಯಾಕೆ?" ಎಂದರು. ಎರಡು ದಿನ ಯೋಚಿಸಿ ತಾವೇ ಉತ್ತರವನ್ನೂ ಕಂಡುಕೊಂಡು ನನಗೆ ಹೇಳಿದರು: ಬೆಕ್ಕುಗಳನ್ನು ವಿಮಾನದಲ್ಲಿ ಒಯ್ಯುವುದು ಆಗಹೋಗುವ ಮಾತಲ್ಲ ಎಂಬುದು ನಿಮ್ಮಣ್ಣನಿಗೆ ಗೊತ್ತು. ಅದರಿಂದ ನಾನು ಬರುವುದಿಲ್ಲ ಎಂಬುದೂ ಗೊತ್ತು. ಕೊನೆಗೆ ಬಾರದವಳು ಇವಳೇ ಎಂಬ ಮಾತು ನನ್ನ ತಲೆಗೆ ಕಟ್ಟಬೇಕು, ಅದೇ ಒಳಗುಟ್ಟು ಎಂದು ತೀರ್ಮಾನವಾಯಿತು. "ಎರಡೂ ಹೋದ್ರೆ ನಾನೂ ಹೋಗ್ತೀನಿ. ಒಂದು ಉಳಿದ್ರೂ ನಾನೂ ಇಲ್ಲೇ ಉಳೀತೀನಿ. ಆಮೇಲೆ ಈ ಮಾತು ಮತ್ತೆ ಎತ್ತಬಾರದು." ಅಣ್ಣನ ಮುಂದಿನ ಬದುಕೆಲ್ಲ ಹೀಗೆ ಎರಡು ಬೆಕ್ಕುಗಳ ಮೇಲೆ ನಿಂತುಬಿಟ್ಟಿತು.

ಆ ವಿಮಾನದಲ್ಲಿ ಒಬ್ಬರು ಒಂದು ಬೆಕ್ಕನ್ನು ಮಾತ್ರ ತಮ್ಮ ಜೊತೆಗೆ ಕೂರಿಸಿಕೊಂಡು ಒಯ್ಯಬಹುದೆಂಬ ನಿಯಮ. ಇನ್ನೊಂದನ್ನು ಕೆಳಗೆ, ಸಾಮಾನಿನ ಕಡೆಯ ಕೋಣೆಯಲ್ಲಿ ಹಾಕಬೇಕು. ಅತ್ತಿಗೆ ಅದಕ್ಕೆ ಒಪ್ಪುವವರೇ? ಹೀಗಾಗಿ ನಾನು ಪ್ರಯಾಣ ಬೆಳೆಸಿದ್ದು ಮೈದುನನಾಗಿ ಅಲ್ಲ, ಸಾಕ್ಷಿಯ ಪರವಾಗಿ ಟಿಕೆಟ್ ಪಡೆದವನಾಗಿ. ಬೆಕ್ಕುಗಳ ಕತ್ತಿನ ಚರ್ಮದಡಿ ಗುರುತಿನ ಎಲೆಕ್ಟ್ರಾನಿಕ್ ಚಿಪ್ ಹಾಕಿದ ಪಶುವೈದ್ಯರನ್ನು, "ಇದು ಬೇರೆ ಯಾವುದೋ ಬೆಕ್ಕಿನದ್ದಲ್ಲ ತಾನೇ?" ಎಂದು ಅತ್ತಿಗೆ ವಿಚಾರಿಸಿಕೊಂಡರು. ಆ ಸಾಧುಪ್ರಾಣಿ ವೈದ್ಯರು ನಗಬೇಕೋ ಅಳಬೇಕೋ ತಿಳಿಯದೆ ಮತ್ತೊಮ್ಮೆ ಅದರ ಸಂಖ್ಯೆ ಓದುವ ಯಂತ್ರ ಹಿಡಿದು ತೋರಿಸಿದರು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕಳ್ಳನ ಬುಟ್ಟಿ ತೂಗಿದಾಗ ಮಿತಿಗಿಂತ ತುಸು ಹೆಚ್ಚು ಬಂತು. ಅತ್ತಿಗೆಯ ಮುಖ ಅರಳಿದ್ದನ್ನು ನಾನೇ ಕಂಡೆ. ಅಂತೂ ಮೋಸವೊಂದು ಸಿಕ್ಕಿತಲ್ಲ! ಪಿನ್ನು ಬಿಚ್ಚಿ, ಹಿತ್ತಾಳೆಯ ಬಟ್ಟನ್ನು ತೆಗೆದು ಆ ತೂಕದ ಯಂತ್ರದ ಮೇಲಿಟ್ಟರು. ಯಂತ್ರ ಕೂದಲೆಳೆಯಷ್ಟೂ ತಪ್ಪದೆ ಸರಿಯಾದ ತೂಕವನ್ನೇ ತೋರಿಸಿತು. ಕಳ್ಳನ ಕಂಬಳಿ ತೆಗೆದು ನನ್ನ ಕೈಚೀಲಕ್ಕೆ ತುರುಕುವಾಗ ಅವರ ಮುಖ ಹುಳ್ಳಗಾಗಿತ್ತು. ಆ ಗಡಿಬಿಡಿಯಲ್ಲಿ ಬಟ್ಟು ಮತ್ತೆ ಒಳಜೇಬು ಸೇರಿತು.

ಅನಾಹುತಕ್ಕೆ ಕಾರಣವಾದದ್ದು ಅದೇ. ಮುಂದಿನ ತಪಾಸಣೆಯಲ್ಲಿ ಬುಟ್ಟಿಗಳು ಯಂತ್ರದೊಳಗೆ ಹೋಗಬೇಕು, ಬೆಕ್ಕುಗಳನ್ನು ಎತ್ತಿಕೊಂಡು ನಾವು ಲೋಹ ಪತ್ತೆಯ ಬಾಗಿಲು ದಾಟಬೇಕು. ನಾನು ಮೊದಲು ದಾಟಿ ಸಾಕ್ಷಿಯನ್ನು ಬುಟ್ಟಿಗೆ ಸೇರಿಸಿದೆ. ಹಿಂದೆ ಬಂದ ಅತ್ತಿಗೆಗೆ ಬಾಗಿಲು ಕಿರುಚಿತು. ಕಾವಲಿನವನು ಒಳಜೇಬಿನಿಂದ ಆ ಹೊಳೆಯುವ ಗಟ್ಟಿಯನ್ನು ತೆಗೆಸಿ, ಬೆಳಕಿಗೆ ಹಿಡಿದು, "ಏನಮ್ಮ ಇದು?" ಎಂದ. ತಮ್ಮ ಬಟ್ಟು ಪರರ ಕೈಯಲ್ಲಿ! ಅತ್ತಿಗೆ ತಟ್ಟನೆ ಒಂದು ಕೈ ಮುಂದೆ ಚಾಚಿದರು. ಕಳ್ಳನಿಗೆ ಅಷ್ಟೇ ಬೇಕಿತ್ತು. ಒಂದೇ ನೆಗೆತಕ್ಕೆ ನೆಲ, ಇನ್ನೊಂದಕ್ಕೆ ಜನರ ಕಾಲುಗಳ ಕಾಡು.

"ಕಳ್ಳ! ಕಳ್ಳ! ಹಿಡೀರಿ!" ಎಂದು ಅತ್ತಿಗೆ ಕೂಗಿಕೊಂಡರು.

ಅಂಥ ಜಾಗದಲ್ಲಿ ಆ ಕೂಗಿಗೆ ಬರುವ ಬೆಲೆ ಎಂಥದೆಂದು ಹೇಳಬೇಕಾಗಿಲ್ಲ. ಅದೇ ಹೊತ್ತಿಗೆ, ತಪಾಸಣೆಗೆ ಬಿಚ್ಚಿದ ಬೂಟುಗಳನ್ನು ಹಾಕಿಕೊಳ್ಳಲೂ ಪುರುಸೊತ್ತಿಲ್ಲದೆ ಕೈಯಲ್ಲೇ ಹಿಡಿದು, ತನ್ನ ವಿಮಾನದ ಕೊನೆಯ ಕರೆ ಕೇಳಿ ಒಬ್ಬಾತ ಓಡುತ್ತಿದ್ದ. ಇಬ್ಬರು ಕಾವಲಿನವರು ಹಾರಿ ಬಿದ್ದು ಅವನನ್ನು ಕೆಡವಿದರು. "ನಾನೇನ್ರೀ ಕದ್ದೆ? ಇವು ನನ್ನ ಬೂಟೇ!" ಎಂದು ಅವನ ಗೋಳು.

"ಅಯ್ಯೋ, ಅವನಲ್ಲ ರೀ! ಬೆಕ್ಕು! ಕಳ್ಳ ಅನ್ನೋದು ಬೆಕ್ಕಿನ ಹೆಸರು!"

"ಬೆಕ್ಕಿಗೆ ಯಾರಾದ್ರೂ ಕಳ್ಳ ಅಂತ ಹೆಸರಿಡ್ತಾರೇನಮ್ಮ?"

"ಕದಿಯೋನಿಗೆ ಇನ್ನೇನು ಹೆಸರಿಡ್ಬೇಕಿತ್ತು?"

ನಮ್ಮ ವಿಮಾನಕ್ಕೂ ಜನ ಹತ್ತತೊಡಗಿದ್ದಾರೆಂಬ ಕರೆ ಬಂತು. ನಾನು ಗಡಿಯಾರ ನೋಡಿಕೊಂಡೆ. ಅತ್ತಿಗೆ ಮಾತ್ರ ಒಣಗಿದ ದನಿಯಲ್ಲಿ, "ಸಿಗದೇ ಹೋದ್ರೆ ನೀನು ಹೋಗು. ಅವಳು ಬರಲ್ಲವಂತೆ ಅಂತ ನಿಮ್ಮಣ್ಣನಿಗೆ ಹೇಳ್ಬಿಡು" ಎಂದರು. ಕಳ್ಳ ಓಡಿದ ಕಡೆ ಎರಡು ದಾರಿ. ಒಂದನ್ನು ನಾನು ನೋಡಬೇಕು, ಇನ್ನೊಂದನ್ನು ಅವರು. ಸಾಕ್ಷಿಯ ಬುಟ್ಟಿಯನ್ನು ಬಿಟ್ಟುಹೋಗುವಂತಿಲ್ಲ. ವಾರಸುದಾರರಿಲ್ಲದ ಸಾಮಾನನ್ನು ಒಯ್ದುಬಿಡುತ್ತೇವೆ ಎಂದು ಮೇಲಿನಿಂದ ದನಿಯೊಂದು ಎಡೆಬಿಡದೆ ಸಾರುತ್ತಿತ್ತು. ಅತ್ತಿಗೆ ಸುತ್ತ ನೋಡಿದರು. ಆಗಷ್ಟೇ ಬಿಡುಗಡೆಯಾದ ಬೂಟಿನವನು ಮೊಣಕಾಲು ಉಜ್ಜಿಕೊಳ್ಳುತ್ತ, ಬೈಗುಳ ನುಂಗುತ್ತ ಮೇಲೇಳುತ್ತಿದ್ದ. ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ತರಕಾರಿ ಚೀಲವನ್ನೂ ಪರರ ಕೈಗೆ ಕೊಡದ ನನ್ನ ಅತ್ತಿಗೆ, "ಸ್ವಲ್ಪ ಹಿಡ್ಕೊಂಡಿರಿ" ಎಂದು ಬುಟ್ಟಿಯನ್ನು ಅವನಿಗೆ ಕೊಟ್ಟು ನಡೆದುಬಿಟ್ಟರು. ಅವನ ಇನ್ನೊಂದು ಕೈಯನ್ನು ನೋಡಲೂ ಇಲ್ಲ.

ಕಳ್ಳ ಸಿಕ್ಕಿದ್ದು ಪ್ಲಾಸ್ಟಿಕ್ ತಟ್ಟೆಗಳ ರಾಶಿಯ ಹಿಂದೆ, ಗೋಡೆ ಮೂಲೆಯಲ್ಲಿ. ನಾನು ಬರಿಗೈಯಲ್ಲಿ ಮರಳುವ ಹೊತ್ತಿಗೆ ಅತ್ತಿಗೆ ನೆಲದ ಮೇಲೆ ಕೂತಿದ್ದರು. ಕರೆದು ಕರೆದು ಸೋತು, ಕೋಟು ಕಳಚಿ ಕಳ್ಳನ ಮುಂದೆ ಹಾಸಿದ್ದರು. ಕೋಟಿಲ್ಲದ ಅವರು ಎಷ್ಟು ಸಣ್ಣವರೆಂದು ಅಂದು ನನಗೆ ತಿಳಿಯಿತು; ಕನಿಕರವಾಯಿತು. ಮನೆಯ ವಾಸನೆಯೆಲ್ಲ ತುಂಬಿದ್ದ ಆ ಬೂದುಬಣ್ಣದ ಬಟ್ಟೆಯ ಮೇಲೆ ಕಳ್ಳ ಮೊದಲು ಮೂಗಿಟ್ಟ, ಆಮೇಲೆ ಕಾಲಿಟ್ಟ, ಕಡೆಗೆ ಒಂದು ಜೇಬಿನೊಳಗೆ ತಲೆ ತೂರಿಸಿದ. ಅತ್ತಿಗೆ ಕೋಟಿನ ಸಮೇತ ಅವನನ್ನು ಎದೆಗವಚಿಕೊಂಡರು.

ಓಡಿ ಬಂದಾಗ ಬೂಟಿನವನು ಅದೇ ಜಾಗದಲ್ಲಿ ಕುರ್ಚಿಯ ಮೇಲೆ ಕೂತಿದ್ದ. ತೂತುಬಿದ್ದ ಕಾಲುಚೀಲ, ಬೂಟುಗಳು ನೆಲದ ಮೇಲೆ, ಬುಟ್ಟಿ ತೊಡೆಯ ಮೇಲೆ. ಬುಟ್ಟಿಯನ್ನು ಅವನು ಎರಡೂ ಕೈಗಳಿಂದ ಹಿಡಿದಿದ್ದ.

"ನನ್ನ ವಿಮಾನ ಹೋಯ್ತಮ್ಮ. ನಿಮ್ಮ ಬೆಕ್ಕು ಇದೆ, ನೋಡ್ಕೊಳ್ಳಿ" ಎಂದ, ಸಿಡುಕಿನಿಂದಲೇ.

ಅತ್ತಿಗೆ ನೋಡಿಯೇ ನೋಡಿದರು. ಸಾಕ್ಷಿಯ ಕಿವಿ, ಬಾಲ, ಕಾಲು. ಆಮೇಲೆ ಕೇಳಿದರು: "ಬಿಟ್ಟು ಹೋಗ್ಬಹುದಿತ್ತಲ್ಲ?"

"ನೀವು ಕೊಟ್ಟು ಹೋಗಿದ್ರಲ್ಲ."

ಅಷ್ಟರಲ್ಲಿ ಕಾವಲಿನವನು ಬಂದು, ಈ ಬಟ್ಟು ವಿಮಾನದೊಳಗೆ ಹೋಗುವಂತಿಲ್ಲ, ಯಾರಿಗಾದರೂ ಕೊಡಿ ಎಂದ. ಬೂಟಿನವನು ಹೇಗೂ ಬೇರೆ ಟಿಕೆಟ್ಟಿಗೆ ಹೊರಗೆ ಹೋಗಬೇಕಿತ್ತು. ಅತ್ತಿಗೆ ಬಟ್ಟನ್ನು ಸೆರಗಿನಿಂದ ಒರೆಸಿ ಅವನ ಅಂಗೈಯಲ್ಲಿಟ್ಟರು. ಅವನು ಅದನ್ನೊಮ್ಮೆ, ಅವರನ್ನೊಮ್ಮೆ ನೋಡಿ, "ಇದು ಯಾಕೆ?" ಎಂದ. ಜೀವನವಿಡೀ ತಾವು ಕೇಳಿದ ಪ್ರಶ್ನೆ ಎದುರಿಗೆ ಬಂದು ನಿಂತಾಗ ಅತ್ತಿಗೆ ಕಳ್ಳನನ್ನು ಬುಟ್ಟಿಗೆ ಸೇರಿಸಿ, ಕೋಟು ಕೊಡವಿ ತೊಟ್ಟುಕೊಂಡರು. ಎಲ್ಲರಿಗಿಂತ ಕೊನೆಗೆ ನಾವು ವಿಮಾನ ಹತ್ತಿದೆವು.

ದಾರಿಯುದ್ದಕ್ಕೂ ಅವರು ಕಣ್ಣು ಮುಚ್ಚಲಿಲ್ಲ. ಬೆಕ್ಕುಗಳೆರಡೂ ಕಾಲಬುಡದಲ್ಲಿ ಗಾಢನಿದ್ರೆಯಲ್ಲಿದ್ದರೂ ಇವರದು ಒಂದೇ ಜಪ. "ಅವನು ಯಾಕೆ ಕೂತ? ನಮ್ಮಿಂದ ಅವನಿಗೆ ಏನಾಗ್ಬೇಕಿತ್ತು?" ಅತ್ತ ಅಣ್ಣನ ಮನೆ ಸೇರಿದಾಗ ಪ್ರತಿ ಕಿಟಕಿಗೂ ಬೆಕ್ಕು ಹೊರಗೆ ಬೀಳದಂತೆ ಅವನು ಹೊಸ ಜಾಲರಿ ಹಾಕಿಸಿದ್ದ. ಅತ್ತಿಗೆ ಕೈಕಾಲು ತೊಳೆಯುವ ಮೊದಲೇ ಒಂದೊಂದನ್ನೂ ಎಳೆದು ನೋಡಿದರು. ಯಾವುದೂ ಅಲುಗಲಿಲ್ಲ. ಅಣ್ಣ ಹಿಂದೆಯೇ ನಿಂತಿದ್ದ, ಪರೀಕ್ಷೆ ಬರೆದವನ ಹಾಗೆ. ಅವನನ್ನು ಯಾಕೆ ಎಂದು ಅವರು ಕೇಳಲಿಲ್ಲ. ಕೋಟು ಕಳಚಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದರು.

ಆ ಬೂಟಿನವನ ಮುಖ ನನಗೆ ಮರೆತೇಹೋಗಿದೆ. ಅತ್ತಿಗೆ ಮಾತ್ರ ಈಗಲೂ ಫೋನಿನಲ್ಲಿ, ಬೇರೆಲ್ಲ ಮಾತು ಮುಗಿದ ಮೇಲೆ, "ಅಲ್ವೋ, ಅವನು ಯಾಕೆ ಕೂತಿದ್ದ?" ಎನ್ನುತ್ತಾರೆ. ನಂಬುವವರೆಂದು ಹೆಸರಾದ ನಮ್ಮಂಥವರು ಬಹುಪಾಲು ಸೋಮಾರಿಗಳು. ಯಾರಾದರೂ ಉಪಕಾರ ಮಾಡಿದರೆ ಥ್ಯಾಂಕ್ಸ್ ಹೇಳಿ, ಮೂಲೆ ತಿರುಗುವಷ್ಟರಲ್ಲಿ ಮರೆಯುತ್ತೇವೆ. ಅನುಮಾನದ ಜನ ಒಳ್ಳೆಯತನವನ್ನು ಹಾಗೆ ಅಗ್ಗವಾಗಿ ಕಳಿಸಿಕೊಡುವುದಿಲ್ಲ. ಅದನ್ನು ಹೊಸ್ತಿಲಲ್ಲೇ ನಿಲ್ಲಿಸಿ, ತಿರುಗಿಸಿ ಮುರುಗಿಸಿ ನೋಡಿ, ಮತ್ತೆ ಮತ್ತೆ ತೂಗುತ್ತಾರೆ. ಆದರೆ ಒಮ್ಮೆ ಒಳಗೆ ಬಿಟ್ಟುಕೊಂಡರೋ, ಅದನ್ನು ಸಾಯುವವರೆಗೂ ಹೊರಗೆ ಹೋಗಗೊಡುವುದಿಲ್ಲ.