ಒಬಿಹಿರೊದ ಕೆಂಪು ಕಾಳು

ದ್ಯಾಮವ್ವ ಕುಕ್ಕರಿನ ಮುಚ್ಚಳ ತೆಗೆದವಳು ಅಲ್ಲೇ ನಿಂತುಬಿಟ್ಟಳು. ಒಳಗೆ ಕೆಂಪು ಕಾಳು ಮೆತ್ತಗೆ ಬೆಂದಿದ್ದವು. ಗಂಡ ರೇವಣಸಿದ್ದಪ್ಪನಿಗೆ ಮಣ್ಣು ಕೊಟ್ಟು ಪರದೇಶದ ಮಿಲ್ಟನ್ ಊರಿನ ತಮ್ಮ ಮನೆಗೆ ಮರಳಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ.

"ಈ ಕಾಳು ಎಲ್ಲಿದ್ವು, ರಾಜಲಕ್ಷ್ಮಿ?"

ಅಡುಗೆಗೆಂದು ಮನೆಯಲ್ಲೇ ಉಳಿದಿದ್ದ ನೆರೆಮನೆಯಾಕೆ ಹೇಳಿದಳು, "ಬೇಸ್‌ಮೆಂಟಿನ್ಯಾಗ ಬಾಟ್ಲಿ ಇತ್ತಲ್ರಿ. ಅಲಸಂದಿ ಅನ್ಕೊಂಡೆ. ಚೀಟಿ ಏನೋ ಚೀನಾ ಅಕ್ಷರದಾಗಿತ್ತು."

"ಎಲ್ಲಾ ಹಾಕಿದ್ರೇನು?"

"ಜನಾ ಭಾಳ ಅದಾರಲ್ರಿ."

ಅದು ಜಪಾನಿ ಅಕ್ಷರ. 'ಬೀಜ, ತಿನ್ನಬೇಡಿ' ಎಂದಿತ್ತು. ಈ ಮನೆಯಲ್ಲಿ ಅದನ್ನು ಓದಬಲ್ಲವನು ಒಬ್ಬನೇ, ಅವನನ್ನು ಈಗಷ್ಟೇ ಹೂತು ಬಂದಿದ್ದರು.

*

ನಲವತ್ತು ವರ್ಷದ ಹಿಂದೆ, ಧಾರವಾಡದಲ್ಲಿ ಕೃಷಿ ಓದಿದ ರೇವಣಸಿದ್ದಪ್ಪ ಜಪಾನಿನ ಒಬಿಹಿರೊದಲ್ಲಿ ಎರಡು ವರ್ಷವಿದ್ದು, ಒಂದು ಹಿಡಿ ಕಾಳು ತಂದಿದ್ದ. ಪ್ರತಿ ಬೇಸಿಗೆ ಹಿತ್ತಲಲ್ಲಿ ಬಿತ್ತುವುದು, ಬಿಡಿಸಿ ಬಾಟಲಿಗೆ ತುಂಬುವುದು. ತಿನ್ನಲು ಒಂದು ಕಾಳೂ ಕೊಡುತ್ತಿರಲಿಲ್ಲ.

"ಮುಂದಿನ ವರ್ಷ ಹೆಚ್ಚಿಗಿ ಆಗ್ತಾವ. ಆವಾಗ ಉಣ್ಣೋಣಂತ."

ಕನ್ನಡ ಸಂಘದಲ್ಲೂ ಅದೇ ಊರಿನ ಭಾಷಣ. ಭೂಗೋಳ ಮುಗಿದು ಇತಿಹಾಸಕ್ಕೆ ಬರುವಷ್ಟರಲ್ಲಿ ಅಧ್ಯಕ್ಷ ನಿಜಗುಣ, "ಸರ, ಊಟ ಆರಾಕತ್ತೈತ್ರಿ" ಎಂದು ಮೈಕು ಇಸಿದುಕೊಳ್ಳುತ್ತಿದ್ದ. ಆರ್ಥಿಕತೆಯ ಭಾಗವನ್ನು ಸಂಘದವರು ಕೇಳಲೇ ಇಲ್ಲ.

*

ಸ್ಮಶಾನದಲ್ಲಿ ಬಾರದ ಅಳು ದ್ಯಾಮವ್ವನಿಗೆ ಒಲೆಯ ಮುಂದೆ ಬಂತು. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಒಗ್ಗರಣೆ ಹಾಕಿ ಬಡಿಸಿದಳು.

"ಯಾವ ಕಾಳ್ರಿ ಅಕ್ಕಾರ? ಭಾಳ ರುಚಿ ಅದಾವು," ಎಂದ ನಿಜಗುಣ.

"ಒಬಿಹಿರೊದವು. ತೊಕಾಚಿ ಬಯಲಿನ್ಯಾಗಿನ ಊರು. ಥಂಡಿ ಗಾಳಿ ತಡೀಲಿಕ್ಕೆ ಹೊಲದ ಬದುವಿಗೆ ಗಿಡದ ಸಾಲು ಹಚ್ಯಾರ. ಮೊದಲು ಅಲ್ಲಿ ಒಕ್ಕಲಾಗಿ ಬಂದವರ ಬೆಳಿ ಮಿಡತಿ ತಿಂದ್ವು, ಉಳಿದದ್ದು ಹಿಮಕ್ಕ ಹೋತು. ಆದ್ರೂ ಮತ್ತ ಬಿತ್ತಿದ್ರು."

"ಈಗ?"

"ಈಗ ಗೋಧಿ, ಆಲೂಗಡ್ಡಿ, ಸಕ್ಕರಿ ಬೀಟು, ಈ ಕಾಳು. ಅದರ ಮ್ಯಾಲೇ ಊರು ನಡೀತದ."

ಮಗಳು ಜ್ಯೋತ್ಸ್ನಾ ತಟ್ಟೆ ಹಿಡಿದು ನಿಂತೇ ಕೇಳುತ್ತಿದ್ದಳು. "ಅವ್ವಾ, ಹೌ ಡು ಯು ನೋ ಆಲ್ ದಿಸ್?"

"ನಾ ರೊಟ್ಟಿ ಬಡಿಯೂವಾಗ ನನ್ನ ಮುಂದನ ಪ್ರಾಕ್ಟೀಸ್ ಮಾಡ್ತಿದ್ರು. ಪೂರಾ."

ನಿಜಗುಣ ತಲೆ ತಗ್ಗಿಸಿ ಉಂಡ. ಆಮೇಲೆ ಕೇಳಿದ, "ಒಂದು ಹಿಡಿ ಬೀಜ ಕೊಡ್ರಿ ಅಕ್ಕಾರ. ಸರ್ ಹೆಸರಿನ್ಯಾಗ ನಮ್ಮ ಹಿತ್ತಲದಾಗೂ ಹಾಕ್ತೀನಿ."

ರಾಜಲಕ್ಷ್ಮಿಯ ಕೈ ತಟ್ಟೆಯಲ್ಲೇ ನಿಂತಿತು. ಸಿಂಕಿನ ಪಕ್ಕ, ತೊಳೆದು ಬೋರಲು ಹಾಕಿದ್ದ ಬಾಟಲಿಯಿಂದ ನೆಂದ ಚೀಟಿ ಅರ್ಧ ಕಿತ್ತು ಜೋತುಬಿದ್ದಿತ್ತು.

"ಮೊದಲ ಉಣ್ರಿ," ಎನ್ನುತ್ತ ದ್ಯಾಮವ್ವ ಕುಕ್ಕರಿನ ತಳ ಕೆರೆದು ಉಳಿದ ಕಾಳನ್ನೆಲ್ಲ ಅವನ ತಟ್ಟೆಗೆ ಬಡಿಸಿದಳು.