ಅರ್ಧಚಂದ್ರ, ಕೆಳಗೊಂದು ಚುಕ್ಕೆ

ಬಂತು ಅಂದುಕೊಂಡೆ, ಅಲ್ಲ, ಫೋನಿನ ಪರದೆಗೆ ಅಂಟಿದ ಬೈಗೆ ಮೀನಿನ ಹುರುಪೆ ಅದು, ತ್ರಾಸಿಯ ಹತ್ತು ಗಂಟೆಯ ಬಿಸಿಲಿಗೆ ಹೊಳೆದು ನನ್ನನ್ನು ಮಂಗ ಮಾಡಿತು — ಉಗುರಿನಿಂದ ಕೆರೆದರೆ ಅಡಿಯಲ್ಲಿ ಅದೇ ಬೂದು ಭೂಗೋಳ, ಒಂದು ತಿಂಗಳಿಂದ ಅದೇ, ತ್ರಾಸಿ ಒಣಮೀನು ಎಂದು ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಜಾಲತಾಣದ ಹೆಸರೇನೋ ಬರುತ್ತದೆ, ಪಕ್ಕದಲ್ಲಿ ಅಮ್ಮನ ಗುರುತು ಇರಬೇಕಾದಲ್ಲಿ ಗುರುತಿಲ್ಲದವರಿಗೆಲ್ಲ ಕೊಡುವ ಆ ಬೂದು ಉಂಡೆ, ಬಿ.ಕಾಂ. ಮುಗಿಸಿ ಡಾಟ್ ಕಾಂಗೆ ಬಿದ್ದವಳು ನಾನು, ತಾಣ ಕಟ್ಟಿದವಳೂ ನಾನೇ, ಮರ್ಯಾದೆ ಹೋದದ್ದು ಮಾತ್ರ ಅಮ್ಮನದು. ಹೆಮ್ಮಾಡಿಯ ಜಿತೇಂದ್ರ, ಅವನದೂ ಒಣಮೀನಿನದೇ ವ್ಯಾಪಾರ, ಮೂಗಿನಲ್ಲಿ ಮಾತಾಡುವವನು — ಅವನ ದನಿ ನನಗೆ ಎಷ್ಟು ಚೆನ್ನಾಗಿ ಬರುತ್ತದೆಂದರೆ ಒಮ್ಮೆ ಫೋನಿನಲ್ಲಿ ಅವನ ಹೆಂಡತಿಯೇ ನನಗೆ ಕೊತ್ತಂಬರಿ ತರಲು ಹೇಳಿದ್ದಳು — ಮೊನ್ನೆ ಅಮ್ಮನೆದುರು ನಿಂತು, ಹ್ವಾಯ್ ಸರೋಜಕ್ಕಾ, ಗೂಗಲ್ಲಂಗೆ ನಿಮ್ ಮೀನಿಗೆ ಮುಖವೇ ಇಲ್ಲೆ ಅಲ್ದಾ, ತಲಿ ಕೊಯ್ದ್ ಒಣ್ಸಿದ್ರ್ಯಾ ಎಂತ ಅಂದ, ಎಂತ ಅಂದೆ ನಾನೂ ಅವನದೇ ಮೂಗಿನಲ್ಲಿ, ಸುತ್ತಲಿದ್ದವರೆಲ್ಲ ನಕ್ಕರು, ಅಮ್ಮ ನಗಲಿಲ್ಲ.

ನಗದಿದ್ದುದೇ ಚುಚ್ಚುತ್ತಿದೆ, ಅವಳಿಗೆ ಅಕ್ಷರ ಬಾರದು, ಗಂಗೊಳ್ಳಿ ಬಂದರಿನಲ್ಲಿ ಮೀನಿನ ಕ್ರೇಟುಗಳ ರಾಶಿ, ಒಂದೊಂದರ ಮೇಲೂ ಒಬ್ಬೊಬ್ಬರ ಗುರುತು, ಅಮ್ಮನದು ಕೆಂಪು ಅರ್ಧಚಂದ್ರ, ಕೆಳಗೊಂದು ಚುಕ್ಕೆ, ದೋಣಿಗೆ ಬಳಿದು ಉಳಿದ ಪೇಂಟಿನಲ್ಲಿ ಮದುವೆಗೆ ಮುಂಚೆ ತಾನೇ ಬರೆದದ್ದು, ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರೂ ಅವಳ ಕ್ರೇಟನ್ನು ತಪ್ಪಿ ಎತ್ತಿಲ್ಲ, ಆ ಚುಕ್ಕೆ ಕಂಡರೆ ಹರಾಜಿನವರೂ ದಾರಿ ಬಿಡುತ್ತಾರೆ — ಹೆಸ್ರ್ ನೀನ್ ಓದ್ಕೊ ಹೆಣೆ, ನಂಗೆ ನನ್ ಗುರ್ತ್ ಕಾಣ್ಕ್, ಅನ್ನುತ್ತಾಳೆ ಅಮ್ಮ. ಕಾಣಿಸಬೇಕಲ್ಲ. ಮೊದಲು ಮಾಡಿದ ಚಿತ್ರ ಉದ್ದವಾಯಿತು, ದೋಣಿಯ ಹೆಸರುಹಲಗೆಯ ಅಳತೆಯೇ ನನ್ನ ಕಣ್ಣಲ್ಲಿತ್ತು, ಗೂಗಲ್‌ಗೆ ಚೌಕವೇ ಬೇಕಂತೆ, ಚೌಕ ಮಾಡಿದೆ, ಅಷ್ಟು ಚಿಕ್ಕದರಲ್ಲಿ ಚುಕ್ಕೆ ಮಾಯ, ದಪ್ಪ ಮಾಡಿದೆ, ಆದರೂ ಬೂದು ಉಂಡೆ, ಕೊನೆಗೆ ಸಿಕ್ಕಿಬಿದ್ದದ್ದು ನನ್ನದೇ ಅತಿಬುದ್ಧಿ — ಜಿತೇಂದ್ರ ನಮ್ಮ ಮೀನಿನ ಫೋಟೋ ಕದ್ದು ತನ್ನ ತಾಣಕ್ಕೆ ಹಾಕಿಕೊಂಡಾಗ ಸಿಟ್ಟಿನಲ್ಲಿ, ಚಿತ್ರಗಳ ಫೋಲ್ಡರಿಗೆ ಯಾವ ಹುಡುಕುಯಂತ್ರವೂ ಕಾಲಿಡಬಾರದು ಎಂದು ಬರೆದಿಟ್ಟಿದ್ದೆ, ಗುರುತಿನ ಚಿತ್ರವೂ ಅದರೊಳಗೇ, ಪಾಪ ಗೂಗಲ್ ಬಾಗಿಲ ತನಕ ಬಂದು ಬೀಗ ನೋಡಿ ಹೋಗಿದೆ, ಜಿತೇಂದ್ರನಿಗೆ ಮಾತ್ರ ಆ ಬೀಗ ತಾಗಲೇ ಇಲ್ಲ. ಬೀಗ ತೆಗ್ದ್ರೆ ಅವ ಮತ್ತೂ ಕದಿತ ಅಮ್ಮಾ ಅಂದೆ, ಅಮ್ಮ ಬಲೆಯ ಮೇಲಿನ ಮೀನು ಮಗುಚುತ್ತಲೇ, ಫೋಟೋ ಕದಿಲಿ, ವಾಸ್ನಿ ಕದುಕಾತ್ತಾ ಅವನಿಗೆ, ತೆಗಿ ಅಂದಳು, ತೆಗೆದೆ, ಇನ್ನೊಮ್ಮೆ ಬಂದು ನೋಡಿ ಎಂದು ಗೂಗಲ್‌ಗೆ ಕೋರಿಕೆ ಕಳಿಸಿದೆ, ದಿನಕ್ಕೊಂದು ಚಿತ್ರ ಬದಲಿಸುವ ಚಟ ಬಿಟ್ಟು ಹನ್ನೊಂದು ದಿನ ಕೈಕಟ್ಟಿ ಕೂತೆ, ನಾನು, ಕೈಕಟ್ಟಿ — ಈಗ ಮತ್ತೆ ಪುಟ ಎಳೆಯುತ್ತೇನೆ, ಬಿಸಿಲಿಗೆ ಅಂಗೈ ಅಡ್ಡ ಹಿಡಿದು, ತಿರುಗುತ್ತದೆ, ತಿರುಗುತ್ತಲೇ ಇದೆ, ಕೆಂಪು. ಕೆಂಪು! ಕಡಲಿಗೆಲ್ಲ ಕೇಳುವಂತೆ ಕೂಗಬಹುದು, ಜಿತೇಂದ್ರನ ಮೂಗಿನಲ್ಲೇ ಕೂಗಬಹುದು, ಬೇಡ, ತೋರಿಸಬಾರದು, ಅವಳೇ ಹುಡುಕಬೇಕು, ಅಮ್ಮಾ ಇದ್ರಂಗೆ ನಿಂದ್ ಯಾವ್ದ್ ಹೇಳ್ ಕಾಂಬ ಎಂದು ಫೋನು ಕೊಟ್ಟೆ, ಸೆರಗಿಗೆ ಕೈ ಒರೆಸಿಕೊಂಡಳು, ಉಪ್ಪಿಗೆ ಬಿರಿದ ತೋರುಬೆರಳು ಮೇಲಿಂದ ಇಳಿಯುತ್ತದೆ, ಮಂಗಳೂರಿನ ಯಾವುದೋ ದೊಡ್ಡ ಅಂಗಡಿ, ದಾಟಿತು, ಜಿತೇಂದ್ರನ ನೀಲಿ ಮೀನು, ದಾಟಿತು, ಬಂದರಿನಲ್ಲಿ ಬೇರೆಯವರ ಕ್ರೇಟು ದಾಟುವ ಹಾಗೆ, ನಿಂತಿತು. ಇದ್ ನಂದ್, ಅಂದಳು, ಬೆರಳು ಎತ್ತಲಿಲ್ಲ, ನಾನೂ ಫೋನು ತೆಗೆದುಕೊಳ್ಳಲಿಲ್ಲ, ಕೆಂಪು ಅರ್ಧಚಂದ್ರ, ಚುಕ್ಕೆ, ಅದರ ಕೆಳಗೆ ಬೆರಳು, ಅರ್ಧಚಂದ್ರ, ಚುಕ್ಕೆ, ಬೆರಳು