ಹಿತ್ತಾಳೆ ಬೆಸುಗೆ

ಊರಿಗೆಲ್ಲ ಬೀಗ ರಿಪೇರಿ ಮಾಡಿಕೊಡುವ ಬೀಗದಕ್ಕನ ಬಾಯಿಗೆ ಮಾತ್ರ ಬೀಗವಿರಲಿಲ್ಲ. ಆರು ವರ್ಷದಿಂದ ದಿನಾ ಬೆಳಗ್ಗೆ ಹಾಲು ತರಲು ಹೊರಟವಳು ಬೇಕೆಂದೇ ಒಂದು ಬೀದಿ ಸುತ್ತು ಹಾಕಿ, ಮರದ ಡಿಪೋ ಗೇಟಿನೆದುರು ನಿಂತು, ಗಂಟಲಾಳದಿಂದ ಎಳೆದು ಉಗಿದು ಬರುತ್ತಿದ್ದಳು. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. "ಕೊಲೆಗಡುಕನ ಹಲಗೆಯಲ್ಲಿ ಮಂಚ ಮಾಡಿಸಿದ್ರೆ ನಿದ್ದೆ ಹತ್ತುತ್ತಾ?" ಎಂದು ಗಿರಾಕಿಗಳನ್ನೇ ಅಡ್ಡಗಟ್ಟಿ ಕೇಳುತ್ತಿದ್ದಳು. ಊರಿನವರು ಮೊದಮೊದಲು ನಕ್ಕರು, ಆಮೇಲೆ ನಂಬಿದರು. ದಿನಾ ಹೇಳಿದ ಮಾತಿಗೆ ಸಾಕ್ಷಿ ಯಾರು ಕೇಳುತ್ತಾರೆ? ಡಿಪೋದಲ್ಲಿ ಮರಕ್ಕೆ ಗೆದ್ದಲು ಹಿಡಿಯತೊಡಗಿತು.

ಆ ಡಿಪೋದವನೇ ಒಂದು ಬೆಳಗ್ಗೆ ಹತ್ತು ಗಂಟೆಗೆ ಅವಳ ಮನೆ ಬಾಗಿಲಲ್ಲಿ ಬಂದು ನಿಂತ. ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದ. ಕೈಯಲ್ಲೊಂದು ಬಟ್ಟೆ ಚೀಲ, ಚೀಲದ ಬಾಯಿಗೆ ದಾರ, ದಾರದ ಗಂಟಿನ ಮೇಲೆ ಠಾಣೆಯ ಅರಗಿನ ಸೀಲು.

"ನಿನ್ನೆ ಠಾಣೆಯಿಂದ ವಾಪಸ್ ಕೊಟ್ರು" ಎಂದ. "ಸೀಲು ಒಡೆದಿಲ್ಲ, ನೋಡಿ. ಆವತ್ತಿಂದ ಇದನ್ನ ಯಾರೂ ಬಿಚ್ಚಿಲ್ಲ. ನೀವೇ ಬಿಚ್ಚಿ."

"ನಾನ್ಯಾಕೆ ಬಿಚ್ಚಲಿ?"

"ಬೇರೆ ಯಾರು ಹೇಳಿದ್ರೂ ನೀವು ನಂಬಲ್ಲ. ಬಿದ್ದು ಹಾರಿದ್ದೋ, ನಾನು ಹಾರಿಸಿದ್ದೋ, ಒಳಗೆ ನೋಡಿದ್ರೆ ಗೊತ್ತಾಗುತ್ತಂತೆ. ನಾಲ್ಕು ಗಂಟೆಗೆ ಬರ್ತೀನಿ. ಕೊಲೆ ಅಂತ ನೀವು ಹೇಳಿದ್ರೆ ಇಲ್ಲಿಂದ ನೇರ ಠಾಣೆಗೆ ನಡೀತೀನಿ. ನನಗೂ ಸಾಕಾಗಿದೆ ಅಕ್ಕ."

ಅಕ್ಕ ಅಂದದ್ದಕ್ಕೆ ಅವಳ ಮೈಯೆಲ್ಲ ಉರಿಯಿತು. ಚೀಲ ಕಿತ್ತುಕೊಂಡು ಬಾಗಿಲು ಹಾಕಿದಳು.

ಚೀಲದಲ್ಲಿದ್ದದ್ದು ಅವಳ ಗಂಡನನ್ನು ಕೊಂದ ರಿವಾಲ್ವರ್. ಹಳೇ ಮಾದರಿಯದು, ಒಂದೊಂದು ಸಲವೂ ಗುಂಡಿಗೆ ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದ ಮೇಲೆಯೇ ಟ್ರಿಗರ್ ಕೆಲಸ ಮಾಡುವಂಥದ್ದು. ಡಿಪೋದವನಿಗೆ ಅವನ ಅಪ್ಪನಿಂದ ಬಂದಿತ್ತು. ಆರು ವರ್ಷದ ಹಿಂದೆ ಡಿಪೋ ಲಾರಿ ರಿವರ್ಸ್ ಬರುತ್ತ ಇವರ ಕಾಂಪೌಂಡ್ ಗೋಡೆ ಕೆಡವಿತು. ಗಂಡ ನಡುಬೀದಿಯಲ್ಲಿ ಡಿಪೋದವನ ಕೊರಳಪಟ್ಟಿ ಹಿಡಿದ. ಅವನು "ನೋಡ್ಕೋತೀನಿ" ಅಂದ. ಎರಡು ದಿನ ಬಿಟ್ಟು ರಾಜಿಗೆಂದು ಹೋದ ಗಂಡ ಡಿಪೋ ಆಫೀಸಿನ ಸಿಮೆಂಟು ನೆಲದ ಮೇಲೆ ಎದೆಗೆ ಗುಂಡು ಬಿದ್ದು ಸತ್ತ. ಕೋಣೆಯಲ್ಲಿದ್ದವರು ಅವರಿಬ್ಬರೇ. ಬೀರುವಿನ ಮೇಲಿಂದ ಫೈಲು ಎಳೆದೆ, ರಿವಾಲ್ವರ್ ಜಾರಿ ಬಿತ್ತು, ತಾನಾಗಿಯೇ ಹಾರಿತು ಎಂದ ಡಿಪೋದವನು. ತಾನಾಗಿಯೇ ಹಾರೋಕೆ ಅದೇನು ಪಾರಿವಾಳವಾ ಎಂದಳು ಬೀಗದಕ್ಕ.

ಇನ್‌ಸ್ಪೆಕ್ಟರು ಕೇಳಿದ್ದು ಅವಳ ಮಾವನನ್ನು. ಅದೇ ಕೆಲಸ ಕಲಿತಿದ್ದ ಮಗ ಹೋದ ಮೇಲೆ ಊರಿನಲ್ಲಿ ಕೋವಿ ರಿಪೇರಿಗೆ ಹೆಸರಾದವರು ಅವರೊಬ್ಬರೇ. "ಈ ಮಾದರೀದು ಬಿದ್ರೆ ಹಾರೋದುಂಟು ಸ್ವಾಮಿ" ಎಂದು ಮಾವ ಬರೆದುಕೊಟ್ಟರು. ಸತ್ತವನ ಅಪ್ಪನೇ ಹಾಗೆಂದ ಮೇಲೆ ಬಿಚ್ಚಿ ನೋಡುವ ಗೋಜಿಗೆ ಯಾರು ಹೋಗುತ್ತಾರೆ? ಕೇಸು ಮುಚ್ಚಿತು. ಸೊಸೆ ಮೂರು ತಿಂಗಳು ಮಾವನ ಜೊತೆ ಮಾತು ಬಿಟ್ಟಳು. "ಕೇಳಿದ್ದಕ್ಕೆ ಉತ್ತರ ಕೊಟ್ಟೆ ತಾಯಿ, ಸುಳ್ಳು ಹೇಳೋಕಾಗುತ್ತಾ? ಆದ್ರೆ ನನ್ನ ಹೆತ್ತ ಕರುಳಿಗೆ ಗೊತ್ತು, ಅವನೇ ಕೊಂದಿದ್ದು" ಎಂದು ಮಾವ ಗಳಗಳ ಅತ್ತ ದಿನ ಅವಳ ಮನಸ್ಸು ಕರಗಿತು. ಕಣ್ಣು ಮಂಜಾಯಿತು ಎಂದು ಮಾವ ಕೆಲಸ ಬಿಟ್ಟರು. ಪೇಪರನ್ನು ಮಾತ್ರ ಕೊನೇ ಸಾಲಿನ ತನಕ ಓದುತ್ತಿದ್ದರು. ಅವರು ಹೇಳಿಕೊಟ್ಟ ಬೀಗ, ಕೋವಿ ರಿಪೇರಿ ಕೆಲಸ ಅವಳ ಹೆಗಲಿಗೆ ಬಂತು. ದಿನಾ ಹಾಲು ತಂದಿಟ್ಟ ಕೂಡಲೇ ಒಳಕೋಣೆಯಿಂದ ಮಾವನ ದನಿ ಬರುತ್ತಿತ್ತು: "ಉಗಿದು ಬಂದ್ಯಾ ತಾಯಿ?"

ಈಗ ಅವಳು ಅಡುಗೆಮನೆಯ ಮೇಜಿನ ಮೇಲೆ ಹಳೇ ದುಪ್ಪಟಿ ಹಾಸಿದಳು. ಸೀಲು ಒಡೆದು, ಠಾಣೆಯವರು ಗುಂಡು ತೆಗೆದಿಟ್ಟುಕೊಂಡಿದ್ದ ಖಾಲಿ ರಿವಾಲ್ವರ್ ಹೊರತೆಗೆದಳು. ಪರೀಕ್ಷೆಗೆಂದು ಮನೆಯಲ್ಲಿ ಇಟ್ಟಿದ್ದ ಗುಂಡುಗಳಲ್ಲಿ ಒಂದನ್ನು ತಂದು ಪಕ್ಕದಲ್ಲಿಟ್ಟುಕೊಂಡಳು. ಡಿಪೋದವನು ಸುಳ್ಳ ಎಂದು ಗೊತ್ತಾದರೆ, ಠಾಣೆಯವರೆಗೆ ನಡೆಯುವ ಶ್ರಮ ಅವನಿಗೆ ಕೊಡುವುದು ಬೇಡ ಎಂಬುದು ಅವಳ ಎಣಿಕೆ. ಬಾಗಿಲು ತೆರೆಯುವುದು, ಹಾರಿಸುವುದು, ಅಷ್ಟೇ. ಮುಂದಿನದನ್ನು ಯೋಚಿಸಲಿಲ್ಲ.

ಸಿಲಿಂಡರ್ ಕಳಚಿ ಬಲಕ್ಕಿಟ್ಟಳು. ಮರದ ಹಿಡಿ ಬಂತು, ಅದರ ಹಿಂದಿನ ಕಬ್ಬಿಣ ಬಂತು, ಬಿಗಿಯಾಗಿ ಕೂತಿದ್ದ ದೊಡ್ಡ ಸ್ಪ್ರಿಂಗು ಸಡಿಲವಾಯಿತು. ಒಂದೊಂದು ಸ್ಕ್ರೂವನ್ನೂ ಬಿಚ್ಚಿದ ಸಾಲಿನಲ್ಲೇ ಜೋಡಿಸುತ್ತ ಹೋದಳು. ಕೊನೆಗೆ ಬಿಚ್ಚಿದ್ದನ್ನು ಮೊದಲು ಹಾಕು ಎಂದು ಮಾವ ಹೇಳಿಕೊಟ್ಟ ಪಾಠ.

"ಏನು ಬಿಚ್ತಿದ್ದೀಯ ತಾಯಿ?" ಒಳಕೋಣೆಯಿಂದ ಮಾವ ಕೇಳಿದರು.

"ಹೊಲಿಗೆ ಮಿಷನ್ನು."

"ಹೊಲಿಗೆ ಮಿಷನ್ನಿನ ಸ್ಪ್ರಿಂಗು ಹಾಗೆ ಸದ್ದು ಮಾಡಲ್ವಲ್ಲ" ಎಂದರು. ಅವಳು ಮುಂದಿನ ಸ್ಕ್ರೂ ಬಿಚ್ಚಿದಳು.

ಅವಳಿಗೆ ಬೇಕಾದದ್ದು ಹ್ಯಾಮರ್. ಅದರ ಬುಡದಲ್ಲಿ ಮೂರು ಕಚ್ಚುಗಳಿರುತ್ತವೆ. ಮೊದಲನೆಯದು ಕಾವಲಿನ ಕಚ್ಚು; ಟ್ರಿಗರಿನ ತುದಿ ಅಲ್ಲಿ ಕೂತಿದ್ದರೆ ಹ್ಯಾಮರ್ ಗುಂಡಿನ ಮೈ ಮುಟ್ಟುವುದಿಲ್ಲ. ಅಲ್ಲೇ ಇಟ್ಟಿದ್ದೆ ಎಂದು ಡಿಪೋದವನು ಆಣೆ ಮಾಡಿ ಹೇಳಿದ್ದ. ಹಾಗಿದ್ದ ಮೇಲೆ ಬಿದ್ದು ಹಾರಬೇಕಾದರೆ ಆ ಕಚ್ಚು ಮುರಿದಿರಲೇಬೇಕು. ಇಡಿಯಾಗಿದ್ದರೆ ಅವನು ಕೊಲೆಗಾರ. ಅವಳು ಹ್ಯಾಮರನ್ನು ಎಳೆದು ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದಳು.

ಕಚ್ಚು ಮುರಿದಿತ್ತು.

ಅವಳು ನಂಬಲಿಲ್ಲ. ಇನ್ನೊಮ್ಮೆ ಒರೆಸಿದಳು, ಉಗುರು ಆಡಿಸಿದಳು. ಮುರಿದ ಜಾಗದಲ್ಲಿ ಕಬ್ಬಿಣದ ಬೂದುಬಣ್ಣದ ನಡುವೆ ಹಳದಿ ಗೆರೆಯೊಂದು ಮಿಂಚಿತು. ಹಿತ್ತಾಳೆ! ಯಾವನೋ ಪುಣ್ಯಾತ್ಮ ಹಿಂದೆಂದೋ ಸವೆದ ಕಚ್ಚಿಗೆ ಹೊಸ ಹ್ಯಾಮರ್ ಹಾಕುವ ಬದಲು ಹಿತ್ತಾಳೆ ಬೆಸುಗೆ ಹಾಕಿ ತೇಪೆ ಹಚ್ಚಿದ್ದ. ಹಿತ್ತಾಳೆ ಬೆಸುಗೆ ಕೊಡಪಾನಕ್ಕೆ ಆದೀತು. ಇಲ್ಲಿ ಹಾಕುವುದೆಂದರೆ ನಾಯಿಯನ್ನು ನೂಲಿನಲ್ಲಿ ಕಟ್ಟಿದ ಹಾಗೆ. ಬಿದ್ದ ಏಟಿಗೆ ಬೆಸುಗೆ ಬಿಟ್ಟಿದೆ, ಗುಂಡು ಹಾರಿದೆ.

ಕೋವಿ ರಿಪೇರಿಯವರಿಗೆ ಒಂದು ಅಭ್ಯಾಸವುಂಟು. ಮಾಡಿದ ಕೆಲಸದ ಪಕ್ಕ, ಯಾರಿಗೂ ಕಾಣದ ಕಡೆ, ತಮ್ಮದೊಂದು ಗುರುತು ಕೊರೆಯುತ್ತಾರೆ. ಅವಳ ಗಂಡನದು ಓರೆ ಗೆರೆ. ದೇವರೇ, ಓರೆ ಗೆರೆ ಮಾತ್ರ ಇರದಿರಲಿ ಎಂದುಕೊಳ್ಳುತ್ತ ಹ್ಯಾಮರನ್ನು ಮಗುಚಿದಳು. ಮೂರು ಚುಕ್ಕಿ ಇತ್ತು. ಮೂರು ಚುಕ್ಕಿ ಮಾವನದು.

ಅವಳಿಗೆ ಸಿಟ್ಟು ಬಂದದ್ದು ಮಾವನ ಮೇಲಲ್ಲ, ಡಿಪೋದವನ ಮೇಲೆ. ಮನುಷ್ಯನ ಮನಸ್ಸು ಅಂಥದ್ದು. ಆರು ವರ್ಷ ಸಾಕಿದ ಸೇಡು ಒಂದು ಹಳದಿ ಗೆರೆ ಕಂಡಿತೆಂದು ಎದ್ದು ಹೋಗುತ್ತದೆಯೇ? ಅವನು ಕೊಂದಿರಲೇಬೇಕಿತ್ತು. ಕೊಂದಿಲ್ಲವಾದರೆ ಇಷ್ಟು ದಿನ ಇವಳು ಬದುಕಿದ್ದು ಯಾತಕ್ಕೆ?

ಆಗ ಹೊಳೆಯಿತು. ಕಪಾಟಿನ ಕೆಳಗಿನ ಡ್ರಾಯರಿನಲ್ಲಿ ಇದೇ ಮಾದರಿಯ ಹಳೇ ಹ್ಯಾಮರ್ ಒಂದಿದೆ, ಮೂರೂ ಕಚ್ಚು ಗಟ್ಟಿಯಾಗಿರುವುದು. ಅದನ್ನು ಹಾಕಿಬಿಟ್ಟರೆ? ಕಚ್ಚು ಇಡಿಯಾಗಿದೆ, ನೀನೇ ಹಾರಿಸಿದ್ದು ಎಂದರೆ ಅವನು ತಾನಾಗಿ ಠಾಣೆಗೆ ನಡೆಯುತ್ತಾನೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಗುಂಡನ್ನು ಡಬ್ಬಿಗೆ ವಾಪಸ್ ಹಾಕಿದಳು. ಅರ ತೆಗೆದುಕೊಂಡು ನಾಲ್ಕು ಸಲ ಎಳೆದು ಹ್ಯಾಮರನ್ನು ಹೊಂದಿಸಿದಳು. ಟ್ರಿಗರ್ ಕೂತಿತು, ಸ್ಪ್ರಿಂಗು ಬಿಗಿಯಿತು, ಹಿಡಿ ಸೇರಿತು, ಸಿಲಿಂಡರ್ ಒಳಗೆ ಹೋಯಿತು. ಹೆಬ್ಬೆರಳಿನಿಂದ ಎಳೆದರೆ ಕಚ್ಚು ಕಚ್ಚಿಗೂ ಟಕ್ ಟಕ್ ಎಂದು ಎಷ್ಟು ಚೆನ್ನಾಗಿ ನುಡಿಯಿತೆಂದರೆ, ಅವಳಿಗೆ ನಗು ಬಂತು. ಆರು ವರ್ಷದಲ್ಲಿ ಅಷ್ಟು ಹಾಯಾಗಿ ಅವಳು ನಕ್ಕಿರಲಿಲ್ಲ.

ತಿರುಗಿ ನೋಡಿದರೆ ಮಾವ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಮಂಜಾದ ಕಣ್ಣು ರಿವಾಲ್ವರ್ ಮೇಲೊಮ್ಮೆ, ದುಪ್ಪಟಿಯ ಮೇಲೆ ಬಿದ್ದಿದ್ದ ಮುರುಕು ಹ್ಯಾಮರ್ ಮೇಲೊಮ್ಮೆ ಹರಿಯಿತು. ಏನಿದು, ಯಾರದು ಎಂದು ಅವರು ಕೇಳಲಿಲ್ಲ.

"ಒಳ್ಳೇ ಕೆಲಸ ಮಾಡ್ದೆ ತಾಯಿ" ಎಂದರು ಮೆಲ್ಲಗೆ. "ಅದನ್ನ ಇಲ್ಲಿ ಕೊಡು. ಯಾರ ಕಣ್ಣಿಗೂ ಬೀಳದ ಹಾಗೆ ಬಾವಿಗೆ ಹಾಕಿ ಬರ್ತೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳ್ಳ ಎಂದು ಇನ್ನೂ ಯಾರೂ ಅಂದೇ ಇರಲಿಲ್ಲ. ಅವಳ ನಗು ಇಂಗಿಹೋಯಿತು.

"ನಿಮಗೆ ಗೊತ್ತಿತ್ತಾ?"

"ಡಿಪೋದವನ ಅಪ್ಪ ಅವಸರ ಮಾಡಿದ, ಮಾರನೇ ದಿನ ಬೇಕು ಅಂದ. ಹೊಸ ಹ್ಯಾಮರ್ ತರಿಸೋಕೆ ಹೊತ್ತಿರಲಿಲ್ಲ. ಆಮೇಲೆ ಬದಲಾಯಿಸೋಣ ಅಂದ್ಕೊಂಡೆ, ಮರೆತೆ. ಆಗಿನ್ನೂ ನೀನು ಈ ಮನೆಗೆ ಬಂದಿರಲಿಲ್ಲ ತಾಯಿ."

"ಇನ್‌ಸ್ಪೆಕ್ಟರ್ ಕೇಳಿದಾಗ ಗೊತ್ತಿತ್ತಾ?"

"ಬಿದ್ರೆ ಹಾರುತ್ತೆ ಅಂತ ಬರ್ಕೊಟ್ರೆ ಯಾರೂ ಬಿಚ್ಚಲ್ಲ ಅಂತ ಗೊತ್ತಿತ್ತು" ಎಂದ ಮುದುಕ.

"ನಾನು ದಿನಾ ಹೋಗಿ ಉಗಿದು ಬರ್ತಿದ್ದೆ."

"ನಿನ್ನ ಸಿಟ್ಟಿಗೂ ಒಂದು ಕಡೆ ಬೇಕಿತ್ತಲ್ಲ ತಾಯಿ."

"ಉಗಿದು ಬಂದ್ಯಾ ಅಂತ ದಿನಾ ಕೇಳ್ತಿದ್ರಿ!"

ಬೆಸುಗೆ ತಪ್ಪಿದ್ದನ್ನಾದರೂ ಕ್ಷಮಿಸಬಹುದಿತ್ತೇನೋ. ಕೆಲಸ ಮಾಡುವ ಕೈ ತಪ್ಪುತ್ತದೆ. ಆದರೆ ತನ್ನ ಮೈಮೇಲೆ ಬೀಳಬೇಕಾದ ಉಗುಳನ್ನು ಇನ್ನೊಬ್ಬನ ಗೇಟಿಗೆ ಕಳಿಸಿ, ದಿನಾ ತಲುಪಿತೋ ಇಲ್ಲವೋ ಎಂದು ವಿಚಾರಿಸಿಕೊಂಡು ಹಾಲು ಕುಡಿದಿದ್ದನಲ್ಲ!

ಅವಳು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಈ ಸಲ ಬಿಚ್ಚಲು ಮೊದಲಿನ ಅರ್ಧ ಹೊತ್ತೂ ಹಿಡಿಯಲಿಲ್ಲ. ಗಟ್ಟಿ ಹ್ಯಾಮರ್ ಹೊರಬಂತು. ಮುರುಕನ್ನು ಅದರ ಜಾಗಕ್ಕೆ ಕೂರಿಸಿ ಒಂದೊಂದೇ ಸ್ಕ್ರೂ ಬಿಗಿದಳು. ಮುದುಕ ನಿಂತೇ ಇದ್ದ. "ಬೇಡ ತಾಯಿ, ನನ್ನ ಹೆಸರು ಹೋಗುತ್ತೆ" ಎಂದು ಎರಡು ಸಲ ಅಂದ. ಹೆಬ್ಬೆರಳಿನಿಂದ ಹ್ಯಾಮರ್ ಎಳೆದು ನೋಡಿದಳು. ಮೊದಲ ಕಚ್ಚು ಹಿಡಿಯದೆ ಜಾರಿತು.

ನಾಲ್ಕಕ್ಕೆ ಸರಿಯಾಗಿ ಡಿಪೋದವನು ಬಂದ. ಅವಳು ಅವನ ಕೈಯಲ್ಲೇ ಹ್ಯಾಮರ್ ಎಳೆಸಿದಳು.

"ಜಾರ್ತಾ ಇದೆಯಲ್ಲ? ಕಚ್ಚು ಮುರಿದಿದೆ. ನೀವು ಹೇಳಿದ್ದು ನಿಜ. ಹಿತ್ತಾಳೆ ಬೆಸುಗೆ ಹಾಕಿದ್ರು, ಬಿಟ್ಟುಹೋಗಿದೆ. ಬೆಸುಗೆ ಹಾಕಿದ್ದು ಇವರು" ಎಂದು ಹಿಂದೆ ನಿಂತಿದ್ದ ಮಾವನತ್ತ ಕೈ ತೋರಿಸಿದಳು.

ಡಿಪೋದವನು ಹೊಸ್ತಿಲಲ್ಲೇ ಕುಸಿದು ಕೂತ. ಎಷ್ಟೋ ಹೊತ್ತಿನ ಮೇಲೆ ಮುಖ ಒರೆಸಿಕೊಂಡು, "ಆರು ಗುಂಡೂ ತುಂಬಿಟ್ಟಿದ್ದೆ ಅಕ್ಕ. ಹ್ಯಾಮರ್ ಕೆಳಗೆ ಬರೋ ಗುಂಡಿನ ಮನೆ ಖಾಲಿ ಬಿಡಬೇಕು ಅಂತ ಗೊತ್ತಿರಲಿಲ್ಲ" ಎಂದ.

"ಅದು ನಿಮ್ಮ ಪಾಲು. ಅದನ್ನ ನೀವೇ ಹೊರಬೇಕು" ಎಂದಳು. "ನಿಮ್ಮ ಹೆಸರು ಕೆಡಿಸಿದ್ದು ನನ್ನ ಪಾಲು. ಯಾರ್ಯಾರ ಮುಂದೆ ಕೊಲೆಗಡುಕ ಅಂದಿದ್ನೋ ಅವರೆಲ್ಲರ ಮನೆಗೂ ಹೋಗಿ ಅಲ್ಲ ಅಂತ ಹೇಳ್ತೀನಿ. ನಾಳೆಯಿಂದ ಶುರು."

ಅವನು ಎದ್ದು ಮುದುಕನ ಕಡೆ ನೋಡಿದ. "ಇವರದು? ಠಾಣೆಗೆ ಹೇಳೋದಾ?"

"ಬೇಡ. ಅಲ್ಲಿ ಬೇಗ ಮುಗಿದುಹೋಗುತ್ತೆ."

ಅವನು ಹೋದ ಮೇಲೆ ಅವಳು ಮಧ್ಯಾಹ್ನ ಬಡಿಸದೇ ಬಿಟ್ಟಿದ್ದ ಊಟವನ್ನು ಬಿಸಿ ಮಾಡಿದಳು. ಮೇಜಿನ ಮೇಲಿನ ದುಪ್ಪಟಿ ಮಡಚಿ, ಅದೇ ಜಾಗದಲ್ಲಿ ತಟ್ಟೆ ಇಟ್ಟು ಮುದುಕನನ್ನು ಕೂರಿಸಿದಳು. ತಾನು ಎದುರು ಕುರ್ಚಿಯಲ್ಲಿ ಕೂತಳು. ಮುದುಕ ಒಂದು ತುತ್ತು ಕಲಸಿದ. ತಲೆ ಎತ್ತಿದರೆ ಅವಳು ನೋಡುತ್ತಿದ್ದಳು.

"ಹೀಗ್ಯಾಕೆ ನೋಡ್ತಿದ್ದೀಯ ತಾಯಿ? ಬೈಯ್ಯಿ, ಬೇಕಾದ್ರೆ ಉಗಿ. ಮನೆ ಬಿಟ್ಟು ಹೋಗು ಅಂದ್ರೆ ಹೋಗ್ತೀನಿ."

"ಎಲ್ಲಿಗೂ ಹೋಗ್ಬೇಡಿ. ದಿನಾ ಎರಡು ಹೊತ್ತು ಹೀಗೇ ಬಿಸಿಯಾಗಿ ಬಡಿಸ್ತೀನಿ. ಕೊನೇ ತುತ್ತು ನುಂಗೋ ತನಕ ಹೀಗೇ ಎದುರಿಗೆ ಕೂತು ನೋಡ್ತೀನಿ. ಬೈಯ್ಯಲ್ಲ."

ಮುದುಕನ ಕೈ ತಟ್ಟೆಯಲ್ಲೇ ಉಳಿಯಿತು. "ಎಷ್ಟು ದಿನ ತಾಯಿ?"

ಅವಳು ಇನ್ನೊಂದು ಸೌಟು ಬಡಿಸಿದಳು.

"ನೂರು ವರ್ಷ ಬಾಳಿ ಮಾವ" ಎಂದಳು.